ಕೊಂಬು ಮುರಿದ ಅಕ್ಷರಗಳು

ನಮ್ಮ ಸಂಘದ ವಾಚನಾಲಯಕ್ಕೆ ಭಾನುವಾರದ ಸಂಜೆ ತಪ್ಪದೆ ಬರುವ ಹಿರಿಯರೊಬ್ಬರು ಮೊನ್ನೆ ನನ್ನನ್ನು ಹಿಡಿದು ನಿಲ್ಲಿಸಿದರು. "ಅಲ್ಲಯ್ಯಾ, ಮೂವತ್ತು ವರ್ಷ ಕಂಪ್ಯೂಟರು ಕಂಪ್ಯೂಟರು ಅಂತ ಊರೂರು ಅಲೆದೆಯಲ್ಲ, ನೀನು ಅಲ್ಲಿ ಮಾಡುತ್ತಿದ್ದದ್ದಾದರೂ ಏನು?" ಎಂದರು. ನಾನು ಏನೋ ಹೇಳಲು ಹೋಗಿ ತಡವರಿಸಿದೆ. ಮನೆಗೆ ಬರುವ ಲೋಕಲ್ ಗಾಡಿಯಲ್ಲಿ, ದಾದರಿನಿಂದ ಡೊಂಬಿವಲಿಯವರೆಗೆ ನಿಂತುಕೊಂಡೇ ಯೋಚಿಸಿದೆ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಉತ್ತರ ಸ್ವಲ್ಪ ಉದ್ದವಾಯಿತು. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿಕೊಂಡಿತು.

ನಾನು ಮಾಡುತ್ತಿದ್ದದ್ದು ಒಂದು ಬಗೆಯ ಅಡಿಗೆಮನೆಯ ಉಸ್ತುವಾರಿ. ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಮು ಒಂದೇ ಕಾಗದದ ಮೇಲೆ ಇರುವುದಿಲ್ಲ. ಹತ್ತು ಜನ ಕೂತು ನೂರಾರು ಫೈಲುಗಳಲ್ಲಿ ಬರೆದಿರುತ್ತಾರೆ. ಅವನ್ನೆಲ್ಲ ಯಂತ್ರಕ್ಕೆ ತಿಳಿಯುವ ಭಾಷೆಗೆ ಬದಲಿಸಬೇಕು, ಒಂದಕ್ಕೊಂದು ಜೋಡಿಸಬೇಕು, ಪರೀಕ್ಷಿಸಬೇಕು, ಕಟ್ಟು ಕಟ್ಟಿ ಗಿರಾಕಿಗೆ ಕಳಿಸಬೇಕು. ಇದಕ್ಕೆ ನಮ್ಮವರು 'ಬಿಲ್ಡ್' ಎನ್ನುತ್ತಾರೆ. ಕೈಯಿಂದಲೇ ಮಾಡಹೊರಟರೆ ಒಂದಲ್ಲ ಒಂದು ಮರೆತೇ ಹೋಗುತ್ತದೆ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂಶಯವೇ ಇಲ್ಲಿಯೂ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೬ರಲ್ಲಿ ಇಂಥದೇ ಪ್ರಸಂಗ ನಡೆಯಿತು. ಒಬ್ಬಾತ ತನ್ನ ಪ್ರೋಗ್ರಾಮಿನ ತಪ್ಪನ್ನು ತಿದ್ದಿ, ತಿದ್ದಿದ ಮೇಲೂ ಅದೇ ತಪ್ಪು ಬರುತ್ತಿದೆಯಲ್ಲಾ ಎಂದು ಇಡೀ ಬೆಳಗು ತಲೆ ಕೆರೆದುಕೊಂಡನಂತೆ. ತಿದ್ದಿದ ಭಾಗ ಜೋಡಣೆಯಲ್ಲಿ ಸೇರಿಯೇ ಇರಲಿಲ್ಲ! ಅವನ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಕೇಳಿ 'ಮೇಕ್' ಎಂಬ ಸಾಧನವನ್ನು ಬರೆದ. ಯಾವುದು ಬದಲಾಗಿದೆ, ಅದರಿಂದ ಇನ್ನು ಯಾವುದನ್ನು ಹೊಸದಾಗಿ ಮಾಡಬೇಕು ಎಂದು ತಾನೇ ನೋಡಿಕೊಂಡು ಕೆಲಸ ಮುಗಿಸುವ ಸಾಧನ ಅದು. ಅದರ ಒಂದು ವಿಚಿತ್ರ ಕಟ್ಟಳೆಯೆಂದರೆ, ಆಜ್ಞೆಯ ಸಾಲು 'ಟ್ಯಾಬ್' ಎಂಬ ಕೀಲಿಯಿಂದಲೇ ಶುರುವಾಗಬೇಕು. ಅಷ್ಟೇ ಜಾಗವನ್ನು ಖಾಲಿ ಬಿಟ್ಟರೆ ಒಪ್ಪುವುದಿಲ್ಲ. ಕಣ್ಣಿಗೆ ಎರಡೂ ಒಂದೇ! ಇದು ಸರಿಯಲ್ಲವೆಂದು ಫೆಲ್ಡ್‌ಮನ್ನಿಗೂ ಬೇಗನೆ ತೋರಿತು. ಆದರೆ ಅಷ್ಟು ಹೊತ್ತಿಗೆ ಹತ್ತುಹನ್ನೆರಡು ಜನ ಬಳಸಲು ಶುರುಮಾಡಿದ್ದರು. ಅವರಿಗೇಕೆ ತೊಂದರೆ ಎಂದು ಹಾಗೆಯೇ ಬಿಟ್ಟ. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕಾಗಿ ಲೋಕದ ಪ್ರೋಗ್ರಾಮರುಗಳು ಇಂದಿಗೂ ಟ್ಯಾಬ್ ಹುಡುಕುತ್ತಿದ್ದಾರೆ. ಕಣ್ಣಿಗೆ ಕಾಣದ ಗುರುತು ಎಷ್ಟು ಕಾಡಬಲ್ಲದು ಎಂಬುದನ್ನು ನೆನಪಿಡಿ, ಮುಂದೆ ಅದೇ ಮಾತು ಬರುತ್ತದೆ.

ನನ್ನ ಪಾಲಿಗೆ ಬಂದ ಸಾಧನ 'ಮೇವನ್'. ಜಾವಾ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳಿಗೆ ಇದನ್ನು ಬಳಸುತ್ತಾರೆ. ೨೦೦೪ರಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂತು. ಯೆಹೂದ್ಯರ ಯಿಡ್ಡಿಷ್ ನುಡಿಯಲ್ಲಿ ಆ ಪದಕ್ಕೆ ಬಲ್ಲವನು, ಜಾಣ ಎಂಬ ಅರ್ಥವಂತೆ. ನನ್ನ ಹೆಂಡತಿಗೆ ಮಾತ್ರ ಅದು 'ಮೇವು' ಎಂದೇ ಕೇಳಿಸುತ್ತಿತ್ತು. ಅವಳದೂ ತಪ್ಪಲ್ಲ. ಹೊಸ ಯಂತ್ರದಲ್ಲಿ ಮೊದಲ ಸಲ ಅದನ್ನು ಓಡಿಸಿದರೆ ತನಗೆ ಬೇಕಾದದ್ದನ್ನೆಲ್ಲ ಇಂಟರ್‌ನೆಟ್ಟಿನಿಂದ ಎಳೆದೆಳೆದು ತರಿಸಿಕೊಳ್ಳುತ್ತದೆ. ಹಸಿದ ದನ ಹುಲ್ಲಿನ ಬಣವೆಗೆ ಬಾಯಿ ಹಾಕಿದಂತೆ.

೨೦೧೩ರಲ್ಲಿ ನಮ್ಮ ಕಂಪೆನಿಯವರು ನನ್ನನ್ನು ಮುಂಬಯಿಯಿಂದ ಕೇರಳಕ್ಕೆ ಹಾಕಿದರು. ಅಲ್ಲಿ ಎರಡು ಪುಟ್ಟ ಕಚೇರಿಗಳು. ಒಂದು ತಿರುವನಂತಪುರದ ಕಳಕ್ಕೂಟ್ಟಂನಲ್ಲಿ, ೧೯೯೦ರಲ್ಲಿ ಆರಂಭವಾದ ಟೆಕ್ನೋಪಾರ್ಕಿನಲ್ಲಿ. ದೇಶದ ಮೊಟ್ಟಮೊದಲ ಟೆಕ್ನಾಲಜಿ ಪಾರ್ಕು ಅದು. ಇನ್ನೊಂದು ಕೊಚ್ಚಿಯ ಕಾಕ್ಕನಾಡಿನಲ್ಲಿ, ೨೦೦೪ರಲ್ಲಿ ಶುರುವಾದ ಇನ್ಫೋಪಾರ್ಕಿನಲ್ಲಿ. ನಡುವೆ ಸುಮಾರು ೨೦೦ ಕಿಲೋಮೀಟರು. ವಂಚಿನಾಡ್ ಎಕ್ಸ್‌ಪ್ರೆಸ್ಸಿನ ಕಿಟಕಿಯ ಪಕ್ಕ ಕೂತು ತೆಂಗು, ಹಿನ್ನೀರು, ಹಂಚಿನ ಮನೆ ನೋಡುತ್ತ ವಾರಕ್ಕೊಮ್ಮೆಯಾದರೂ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ.

ಎರಡು ಕಚೇರಿಗಳಿಗೆ ಎರಡು ಸಂಪ್ರದಾಯ. ಕೊಚ್ಚಿಯವರು ವಿಂಡೋಸ್ ಭಕ್ತರು. ತಿರುವನಂತಪುರದವರು ಲಿನಕ್ಸಿನವರು. ಇದಕ್ಕೊಂದು ಹಿನ್ನೆಲೆಯಿದೆ. ತಂತ್ರಾಂಶ ಎಲ್ಲರಿಗೂ ಮುಕ್ತವಾಗಿರಬೇಕು ಎನ್ನುವವರ ಸಂಸ್ಥೆಯ ಭಾರತದ ಶಾಖೆ ೨೦೦೧ರಲ್ಲಿ ಆರಂಭವಾದದ್ದು ತಿರುವನಂತಪುರದಲ್ಲಿಯೇ. ರಿಚರ್ಡ್ ಸ್ಟಾಲ್‌ಮನ್ ಸ್ವತಃ ಬಂದಿದ್ದರು. ಆ ದಶಕದಲ್ಲಿಯೇ ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳೂ ಲಿನಕ್ಸಿಗೆ ಹೊರಳಿದವು. ಮಕ್ಕಳು ಹೈಸ್ಕೂಲಿನಲ್ಲಿಯೇ ಅದನ್ನು ಕಲಿತು ಬರುತ್ತಿದ್ದರು.

ಹಾಗೆ ಕಲಿತು ಬಂದವಳೊಬ್ಬಳು ನಮ್ಮ ತಿರುವನಂತಪುರದ ಕಚೇರಿಯಲ್ಲಿದ್ದಳು. ಕಾಸರಗೋಡಿನ ಕಡೆಯ ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಾನು ಹಾಸನದವನು ಎಂದು ತಿಳಿದ ದಿನ "ಸರ್, ನಿಮ್ಮ ಹತ್ತಿರ ಕನ್ನಡದಲ್ಲೇ ಮಾತಾಡಬಹುದಲ್ಲಾ!" ಎಂದು ಅವಳ ಮುಖ ಅರಳಿದ್ದು ಇಂದಿಗೂ ಕಣ್ಣಮುಂದಿದೆ. ನನಗೂ ಆ ಊರಿನಲ್ಲಿ ಬಾಯ್ತುಂಬ ಕನ್ನಡ ಆಡಲು ಸಿಕ್ಕಿದ್ದು ಅವಳೊಬ್ಬಳೇ. ಲಿನಕ್ಸಿನಲ್ಲಿ ಮೇವನ್ ಹಾಕುವುದನ್ನು ಅವಳೇ ತೋರಿಸಿಕೊಟ್ಟಳು. ಒಂದು ಸಾಲಿನ ಆಜ್ಞೆ ಕೊಟ್ಟಳು, ಗುಪ್ತಪದ ಒತ್ತಿದಳು, ಕ್ಯಾಂಟೀನಿನಿಂದ ಚಹಾ ತರುವಷ್ಟರಲ್ಲಿ ಮುಗಿದಿತ್ತು. ವಿನ್ಯಾಸ ಮಾಡುವ ಹುಡುಗನೊಬ್ಬನ ಆಪಲ್ ಯಂತ್ರದಲ್ಲಿಯೂ ಹೆಚ್ಚುಕಡಿಮೆ ಅದೇ ಕಥೆ. 'ಬ್ರೂ' ಎಂದು ಶುರುವಾಗುವ ಒಂದು ಸಾಲು. ವಿಂಡೋಸಿನ ಕಥೆ ಬೇರೆ. ಅದನ್ನೇ ಈಗ ಹೇಳಬೇಕು.

ನಮ್ಮ ಕೈಯಲ್ಲಿದ್ದ ಕೆಲಸ ಆಸ್ಪತ್ರೆಯ ಔಷಧ ವಿಭಾಗಕ್ಕೆ ಸಂಬಂಧಿಸಿದ್ದು. ವೈದ್ಯರು ಬರೆದುಕೊಟ್ಟ ಮದ್ದನ್ನು ಪೊಟ್ಟಣ ಕಟ್ಟಿ ಕೊಡುವಾಗ ಮೇಲೆ ಒಂದು ಚೀಟಿ ಅಂಟಿಸಬೇಕು. ಯಾವ ಹೊತ್ತಿಗೆ ಎಷ್ಟು ಎಂಬುದು ರೋಗಿಯ ಭಾಷೆಯಲ್ಲಿ ಅಚ್ಚಾಗಿರಬೇಕು. ಗಿರಾಕಿಗಳಲ್ಲಿ ಗಡಿಭಾಗದ ಒಂದು ಆಸ್ಪತ್ರೆಯೂ ಇತ್ತು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಅಲ್ಲಿಯ ಅಜ್ಜಿಯರ ನಾಲಿಗೆ ಯಾವ ರಾಜ್ಯ ಪುನರ್ವಿಂಗಡಣೆಗೂ ಬಗ್ಗಲಿಲ್ಲ. ಮಲಯಾಳದ ಜೊತೆಗೆ ಕನ್ನಡದ ಚೀಟಿಯೂ ಬೇಕು ಎಂದು ಆಸ್ಪತ್ರೆಯವರು ಕೇಳಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ಆ ಕನ್ನಡದ ಫೈಲನ್ನು ನಾನೇ ಬರೆಯುತ್ತೇನೆ ಎಂದೆ.

ಇಲ್ಲಿ ನನ್ನ ಮೊದಲ ಹೆಮ್ಮೆ. ಮಲಯಾಳದ ಫೈಲನ್ನು ಹಿಂದೆ ಯಾರೋ ಹಳೆಯ ಪದ್ಧತಿಯಲ್ಲಿ ಬರೆದಿದ್ದರು. ಅಕ್ಷರಗಳನ್ನು ಅಕ್ಷರವಾಗಿ ಬರೆಯದೆ, ಒಂದೊಂದಕ್ಕೂ ಗೊತ್ತುಮಾಡಿದ ಸಂಕೇತಸಂಖ್ಯೆಯನ್ನು ಬರೆದಿದ್ದರು. ನೋಡಿದರೆ ಮಗ್ಗಿಯ ಪುಸ್ತಕದ ಹಾಗೆ ಕಾಣುತ್ತಿತ್ತು. ಆ ಹುಡುಗಿ, "ಸರ್, ಕನ್ನಡವನ್ನೂ ಹಾಗೇ ಬರೆಯುವುದು ಒಳ್ಳೇದು" ಎಂದಳು. ನನಗೆ ರೇಗಿತು. "ಅಲ್ಲಮ್ಮ, ಕನ್ನಡವನ್ನು ಕಣ್ತುಂಬ ಕನ್ನಡವಾಗಿಯೇ ಬರೆಯೋಣ. ಈಗ ಯಾವ ಕಾಲ!" ಎಂದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟದ ನಂತರ, ಒಂದು, ಎರಡು ಎಂದು ದುಂಡಾಗಿ ಬರೆದೆ. ಚೀಟಿಯ ಮೂಲೆಯಲ್ಲಿ ತಂತ್ರಾಂಶದ ಆವೃತ್ತಿಯ ಸಂಖ್ಯೆಯೂ ತಾನಾಗಿ ಬರಲಿ ಎಂದು, ಈ ಫೈಲಿನೊಳಗೆ ಅದನ್ನು ತುಂಬಿಸು ಎಂದು ಮೇವನ್ನಿಗೆ ಆಜ್ಞೆ ಕೊಟ್ಟೆ. ಲಿನಕ್ಸಿನಲ್ಲಿ ಕಟ್ಟಿ ನೋಡಿದೆವು. ಚೀಟಿ ಮುತ್ತಿನಂತೆ ಬಂತು.

೨೦೧೫ರ ಕುಂಭಮಾಸ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊಸ ಆವೃತ್ತಿ ಕೊಡುವೆನೆಂದು ಮಾತು ಕೊಟ್ಟು ನಾನು ಕೊಚ್ಚಿಯಲ್ಲಿ ಕೂತಿದ್ದೆ. ತಿರುವನಂತಪುರದಲ್ಲಿ ಅಂದು ಆಟ್ಟುಕಾಲ್ ಪೊಂಗಾಲೆ, ಜಿಲ್ಲೆಗೇ ರಜೆ. ಆ ಹಬ್ಬವನ್ನು ನೋಡದವರಿಗೆ ಹೇಳುವುದು ಕಷ್ಟ. ದೇವಸ್ಥಾನದ ಸುತ್ತ ಮೈಲಿಗಟ್ಟಲೆ ಬೀದಿಯ ಎರಡು ಬದಿಗೂ ಹೆಂಗಸರು ಇಟ್ಟಿಗೆಯ ಒಲೆ ಹೂಡಿ, ಮಡಕೆಯಿಟ್ಟು, ಅಕ್ಕಿ ಬೆಲ್ಲ ತೆಂಗಿನಕಾಯಿಯ ಪಾಯಸ ಬೇಯಿಸುತ್ತಾರೆ. ೨೦೦೯ರಲ್ಲಿ ೨೫ ಲಕ್ಷ ಹೆಂಗಸರು ಸೇರಿದ್ದರೆಂದು ಗಿನ್ನೆಸ್ ದಾಖಲೆಯಾಗಿದೆ. ಕಚೇರಿಯ ಬಾಗಿಲು ಮುಚ್ಚಿತ್ತು; ಅಲ್ಲಿಯ ಯಂತ್ರಗಳನ್ನು ಹೊರಗಿನಿಂದ ಮುಟ್ಟುವ ಹಾಗಿರಲಿಲ್ಲ. ಆಪಲ್ ಹುಡುಗ ತನ್ನ ಯಂತ್ರದ ಸಮೇತ ಊರಿಗೆ ಹೋಗಿದ್ದ. ನನ್ನ ಎದುರಿಗಿದ್ದದ್ದು ಕೊಚ್ಚಿಯ ವಿಂಡೋಸ್ ಯಂತ್ರ ಮಾತ್ರ. ಅದರಲ್ಲಿ ಮೇವನ್ ಇರಲಿಲ್ಲ.

ಹುಡುಗಿಗೆ ಫೋನು ಮಾಡಿದೆ. ಅವಳು ಮನೆಯೊಡತಿಯ ಜೊತೆ ಒಲೆಯ ಮುಂದೆ ಕೂತಿದ್ದಳು. ಹಿಂದಿನಿಂದ ಹೆಂಗಸರ ಕುರವೆಯ ದನಿ, ಧ್ವನಿವರ್ಧಕದ ಗದ್ದಲ. ಅವಳು ಕೂಗಿ ಹೇಳಿದಳು: "ಸರ್, ಇವತ್ತು ಬೇಡ. ನಾಳೆ ಬೆಳಿಗ್ಗೆ ಏಳು ಗಂಟೆಗೇ ಆಫೀಸಿಗೆ ಹೋಗಿ ನಾನೇ ಮಾಡಿ ಕಳಿಸ್ತೇನೆ." ನಾನು, "ನೀನು ಹಬ್ಬ ಮಾಡಮ್ಮ. ಇದೇನು ಮಹಾ, ನಾನು ಮಾಡಿಕೊಳ್ಳುತ್ತೇನೆ" ಎಂದೆ.

ಮಹಾ ಏನಲ್ಲದ್ದು ನಾಲ್ಕು ಗಂಟೆ ತೆಗೆದುಕೊಂಡಿತು. ಮೇವನ್ನಿನ ಕಟ್ಟನ್ನು ಇಳಿಸಿಕೊಂಡು ಬಿಚ್ಚಿದೆ. ಅದು ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸಬೇಕಲ್ಲ? ಕಂಟ್ರೋಲ್ ಪ್ಯಾನಲ್ಲಿನ ಒಳಗೆ, ಅದರ ಒಳಗೆ, ಮತ್ತೂ ಅದರ ಒಳಗೆ ಹೋದರೆ ಒಂದು ಕಿರಿದಾದ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ದಾರಿಗಳ ಪಟ್ಟಿ. ಲಿನಕ್ಸಿನಲ್ಲಿ ದಾರಿ ದಾರಿಗೂ ನಡುವೆ ವಿವರಣ ಚಿಹ್ನೆ ಹಾಕಬೇಕು, ಇಲ್ಲಿ ಅರ್ಧವಿರಾಮ. ಅಲ್ಲಿ ಓರೆಗೆರೆ ಬಲಕ್ಕೆ ವಾಲಿದರೆ ಇಲ್ಲಿ ಎಡಕ್ಕೆ. ನಾನು ಅಭ್ಯಾಸಬಲದಿಂದ ಅಲ್ಲಿಯದನ್ನೇ ಇಲ್ಲಿಯೂ ಹಾಕಿದೆ. ಯಂತ್ರ, ಹೀಗೊಂದು ಆಜ್ಞೆಯೇ ನನಗೆ ಗೊತ್ತಿಲ್ಲ ಎಂದಿತು. ತಿದ್ದಿದೆ. ಮತ್ತೆ ಗೊತ್ತಿಲ್ಲ ಎಂದಿತು. ಹಳೆಯ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯದೆ ಅದು ಹೊಸ ದಾರಿಯನ್ನು ಓದುವುದಿಲ್ಲ ಎಂಬುದು ಮರೆತಿತ್ತು. ಅದಾಯಿತು. ಆಮೇಲೆ ಜಾವಾದ ವಿಳಾಸ ಕೇಳಿತು, ಕೊಟ್ಟೆ. ನೀನು ಕೊಟ್ಟದ್ದು ಪ್ರೋಗ್ರಾಮು ಓಡಿಸುವ ಜಾವಾ, ಕಟ್ಟುವ ಜಾವಾ ಅಲ್ಲ ಎಂದು ತಿರುಗಿ ಹೇಳಿತು. ಕಟ್ಟುವ ಜಾವಾವನ್ನೂ ತರಿಸಿದೆ. ಸಂಜೆ ಐದರ ಹೊತ್ತಿಗೆ ಮೇವನ್ ಕಣ್ಣು ಬಿಟ್ಟು ಮೇಯಲು ಶುರುಮಾಡಿತು.

ಪರದೆಯ ಮೇಲೆ ಸಾಲು ಸಾಲಾಗಿ ಬರಹ ಹರಿಯಿತು. ಅದರ ನಡುವೆ ಒಂದು ಸಾಲು ಗೊಣಗಿದ್ದನ್ನು ನಾನು ನೋಡಿದೆ. ಯಾವ ಲಿಪಿಸಂಕೇತ ಬಳಸಬೇಕೆಂದು ನೀನು ಹೇಳಿಲ್ಲ; ಆದ್ದರಿಂದ ಈ ಯಂತ್ರದ ರೂಢಿಯನ್ನೇ ಹಿಡಿಯುತ್ತೇನೆ; ಬೇರೆ ಯಂತ್ರದಲ್ಲಿ ಫಲ ಬೇರೆಯಾದೀತು ಎಂಬುದು ಅದರ ತಾತ್ಪರ್ಯ. ನೋಡಿದೆ ಎಂದೆನಲ್ಲ, ಅದೇ ನನ್ನ ಅಪರಾಧ. ನೋಡಲಿಲ್ಲವೆಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಎಚ್ಚರಿಕೆ ಎಂದಿತ್ತು, ದೋಷ ಎಂದಿರಲಿಲ್ಲ. ಕೊನೆಯಲ್ಲಿ 'ಬಿಲ್ಡ್ ಸಕ್ಸೆಸ್' ಎಂದು ಬಂತು. ಮಲಯಾಳದ ಚೀಟಿಯೊಂದನ್ನು ಅಚ್ಚು ಹಾಕಿ ನೋಡಿದೆ, ಚೆನ್ನಾಗಿತ್ತು. ಕನ್ನಡದ್ದು ನಾನೇ ಬರೆದದ್ದಲ್ಲವೇ, ನೋಡುವುದೇನು? ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕಳಿಸಿಬಿಟ್ಟೆ.

ಮೂರನೆಯ ದಿನ ಆಸ್ಪತ್ರೆಯ ಔಷಧ ವಿಭಾಗದಿಂದ ಫೋನು ಬಂತು. ಮಾತನಾಡಿದವರು ಬಹಳ ಸೌಮ್ಯವಾಗಿ ಹೇಳಿದರು: "ಸರ್, ನಿಮ್ಮ ಕನ್ನಡಕ್ಕೆ ಕೊಂಬು ಇಲ್ಲ."

ನಾನು ತಮಾಷೆ ಎಂದುಕೊಂಡೆ. ಅವರು ಚೀಟಿಯ ಚಿತ್ರ ಕಳಿಸಿದರು. 'ಒಂದು' ಎಂಬಲ್ಲಿ 'ಒಂದ', ಪಕ್ಕದಲ್ಲಿ ಒಂದು ಖಾಲಿ ಚೌಕ, ಒಂದು ಪ್ರಶ್ನೆಯ ಗುರುತು. 'ರಾತ್ರಿ'ಯಲ್ಲಿ 'ರಾತ', ಆಮೇಲೆ ಚೌಕ, ಪ್ರಶ್ನೆ, ಆಮೇಲೆ 'ರಿ'. 'ಬೆಳಿಗ್ಗೆ'ಯೂ ಹಾಗೆಯೇ ಸೀಳಿಹೋಗಿತ್ತು. ಇಡೀ ಚೀಟಿಯಲ್ಲಿ ನೆಟ್ಟಗೆ ಉಳಿದಿದ್ದದ್ದು 'ಊಟದ ನಂತರ' ಎಂಬ ಎರಡೇ ಪದ. ಎಷ್ಟು, ಯಾವಾಗ ಎಂಬುದು ಹೋಗಿತ್ತು.

ಕಾರಣವನ್ನು ಆ ಹುಡುಗಿ ಅರ್ಧ ಗಂಟೆಯಲ್ಲಿ ಬಿಡಿಸಿಟ್ಟಳು. ಯೂನಿಕೋಡಿನ ಸಾಮಾನ್ಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಅಕ್ಷರವೂ ಒಂದೊಂದು ಗುರುತೂ ಮೂರು ಮೂರು ಅಂಕಿಗಳಾಗಿ ಕೂತಿರುತ್ತದೆ. ಕೊಚ್ಚಿಯ ವಿಂಡೋಸ್ ಯಂತ್ರದ ರೂಢಿ ಬೇರೆ. ಅದು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಕೋಷ್ಟಕ. ಅದರಲ್ಲಿ ೨೫೬ ಮನೆಗಳು. ಐದು ಮನೆಗಳು ಖಾಲಿ, ಯಾರೂ ವಾಸವಿಲ್ಲ. ಮೇವನ್ ನನ್ನ ಫೈಲನ್ನು ಆ ಕೋಷ್ಟಕದ ಮೂಲಕ ಓದಿ ಮತ್ತೆ ಬರೆದಾಗ, ಉಳಿದ ಅಂಕಿಗಳೆಲ್ಲ ಹೋದ ಹಾಗೆ ಮರಳಿ ಬಂದವು. ಖಾಲಿ ಮನೆಯ ಬಾಗಿಲು ಬಡಿದವು ಮಾತ್ರ ಪ್ರಶ್ನೆಯ ಗುರುತಾಗಿ ಹೊರಬಿದ್ದವು. ಕನ್ನಡದಲ್ಲಿ ಹಾಗೆ ಬಡಿದವು ಯಾವುವೆಂದರೆ ಏ, ಐ, ಝ ಎಂಬ ಅಕ್ಷರಗಳು, ಉಕಾರದ ಕೊಂಬು, ಮತ್ತು ಒತ್ತಕ್ಷರವನ್ನು ಕಟ್ಟುವ ಅರ್ಧಾಕ್ಷರದ ಗುರುತು. ಕೊಂಬೂ ಒತ್ತೂ ಇಲ್ಲದ ಕನ್ನಡ ಎಂದರೆ ಗೊತ್ತಲ್ಲ! ಯೂನಿಕೋಡಿನಲ್ಲಿ ಮಲಯಾಳದ ಅಕ್ಷರಗಳೂ ನಮ್ಮವುಗಳ ಹಾಗೆಯೇ ಸಾಲಾಗಿ ಕೂತಿವೆ. ಅದಕ್ಕೂ ಇದೇ ಗತಿಯಾಗಬೇಕಿತ್ತು. ಆದರೆ ಮಗ್ಗಿಯ ಪುಸ್ತಕದ ಹಾಗೆ ಬರಿಯ ಸಂಖ್ಯೆಯಲ್ಲಿ ಬರೆದದ್ದರಿಂದ ಅದು ಉಳಿಯಿತು. ನಾನು ಹಳೆಯ ಪದ್ಧತಿ ಎಂದು ಮೂಗು ಮುರಿದದ್ದೇ ಅದನ್ನು ಕಾಪಾಡಿತ್ತು.

ಆ ಸಂಜೆಯೇ ಅವಳು ತಿರುವನಂತಪುರದಿಂದ ಸರಿಯಾದ ಆವೃತ್ತಿ ಕಳಿಸಿದಳು. ನನಗೆ ಮನಸ್ಸು ತಡೆಯಲಿಲ್ಲ. ರಾತ್ರಿ ಎರ್ನಾಕುಲಂನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ಬೆಳಗಾಗುವಾಗ ಕಾಸರಗೋಡಿನಲ್ಲಿ ಇಳಿದೆ.

ಔಷಧ ವಿಭಾಗದ ಆ ಮನುಷ್ಯ ನನ್ನ ಮೇಲೆ ರೇಗಾಡಿದ್ದರೆ ಹಗುರವಾಗುತ್ತಿತ್ತು. ಅವರು ಮೊದಲು ಚಹಾ ತರಿಸಿದರು. ಆಮೇಲೆ ಹೇಳಿದರು. ಮೊದಲೆರಡು ದಿನ ಗಡಿಬಿಡಿಯಲ್ಲಿ ಯಾರೂ ಚೀಟಿ ನೋಡಿರಲಿಲ್ಲ. ಮೂರನೆಯ ದಿನ ಒಬ್ಬ ಅಜ್ಜಿ ರಕ್ತದೊತ್ತಡದ ಮಾತ್ರೆಯ ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ಹಿಡಿದುಕೊಂಡು ಬಂದರು. ನಾಲ್ಕನೆಯ ತರಗತಿ ಓದಿದವರು, ತಾವೇ ಓದಿ ಮದ್ದು ತೆಗೆದುಕೊಳ್ಳುವವರು. "ಇದು ಒಂದಾ, ಒಂದಾ ಅಂತ ನನ್ನನ್ನೇ ಕೇಳ್ತಾ ಉಂಟು ಮಗಾ. ಮದ್ದಿನ ಚೀಟಿಯೇ ನನ್ನನ್ನು ಕೇಳಿದರೆ ನಾನು ಯಾರನ್ನು ಕೇಳುವುದು?" ಎಂದರಂತೆ. ಎರಡು ದಿನ ಮಾತ್ರೆಯನ್ನೇ ನುಂಗಿರಲಿಲ್ಲ. ಡಾಕ್ಟರು ಪರೀಕ್ಷಿಸಿ, ಸದ್ಯ ತೊಂದರೆಯಾಗಿಲ್ಲ ಎಂದರು. ಅಂದಿನಿಂದ ನಮ್ಮ ಹೊಸ ಆವೃತ್ತಿ ಬರುವವರೆಗೂ ಆತ ಬಾಲ್‌ಪೆನ್ನು ಹಿಡಿದು ಪ್ರತಿಯೊಂದು ಚೀಟಿಯ ಮೇಲೂ ಕೊಂಬು ಒತ್ತುಗಳನ್ನು ತಾವೇ ಬರೆದು ಕೊಟ್ಟಿದ್ದರು.

ಮೊದಲೆರಡು ದಿನ ಹೋದ ಕನ್ನಡ ಚೀಟಿಗಳು ಮೂವತ್ತೇಳು. ಆಸ್ಪತ್ರೆಯ ಪುಸ್ತಕ ನೋಡಿ ಅವರೂ ನಾನೂ ಕೂತು ಒಬ್ಬೊಬ್ಬರಿಗೂ ಫೋನು ಮಾಡಿದೆವು. ಹೆಚ್ಚಿನವರು ಮನೆಯ ಮಕ್ಕಳನ್ನು ಕೇಳಿಯೋ ಅಂದಾಜಿನಿಂದಲೋ ಸರಿಯಾಗಿಯೇ ತೆಗೆದುಕೊಂಡಿದ್ದರು. ಇಬ್ಬರು ಕಡಿಮೆ ತೆಗೆದುಕೊಂಡಿದ್ದರು. ನಾಲ್ಕು ಜನ ಫೋನು ಎತ್ತಲಿಲ್ಲ. ಆ ನಾಲ್ಕು ಮನೆಗಳಿಗೆ ಮಧ್ಯಾಹ್ನ ರಿಕ್ಷಾದಲ್ಲಿ ಹೋಗಿಬಂದೆ. ಕೊನೆಯ ಮನೆಯಲ್ಲಿ ನಾನು ಯಾರು, ಏಕೆ ಬಂದೆ ಎಂದು ವಿವರಿಸಿ ಕ್ಷಮೆ ಕೇಳಿದಾಗ ಯಜಮಾನರು, "ಇಷ್ಟಕ್ಕೆ ಕೊಚ್ಚಿಯಿಂದ ಬಂದಿರಾ? ಊಟ ಮಾಡಿಯೇ ಹೋಗಬೇಕು" ಎಂದು ಎಲೆ ಹಾಕಿಸಿದರು. ಆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಸರಿಪಡಿಸಲು ಬೇಕಾಗಿದ್ದದ್ದು ಒಂದೇ ಸಾಲು. ಈ ಕೆಲಸಕ್ಕೆ ಬಳಸಬೇಕಾದ ಲಿಪಿಸಂಕೇತ ಇದು ಎಂದು ಮೇವನ್ನಿನ ಪಟ್ಟಿಯಲ್ಲಿ ಬರೆದಿಡುವುದು, ಅಷ್ಟೇ. ಬರೆದ ಮೇಲೆ ಲಿನಕ್ಸಾಗಲಿ, ವಿಂಡೋಸಾಗಲಿ, ಆಪಲ್ ಆಗಲಿ, ಯಾವ ಒಲೆಯ ಮೇಲಿಟ್ಟರೂ ಪಾಯಸ ಒಂದೇ ರುಚಿ. ೨೦೨೨ರಲ್ಲಿ ಬಂದ ಜಾವಾದ ೧೮ನೆಯ ಆವೃತ್ತಿಯಿಂದ ಎಲ್ಲ ಯಂತ್ರಗಳಲ್ಲಿಯೂ ಯೂನಿಕೋಡಿನ ಆ ಸಂಕೇತವೇ ರೂಢಿಯಾಯಿತು. ಆ ಸುದ್ದಿ ಓದುವ ಹೊತ್ತಿಗೆ ನಾನು ನಿವೃತ್ತನಾಗುವುದರಲ್ಲಿದ್ದೆ. ಪೊಂಗಾಲೆಯ ದಿನ ಅದು ಇದ್ದಿದ್ದರೆ ನಾನು ಕಾಸರಗೋಡಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಯಂತ್ರ ಗೊಣಗಿದ್ದು ಮಾತ್ರ ನಿಜ, ಕೇಳಿಸಿಕೊಳ್ಳದವನು ನಾನು.

ಆ ಹುಡುಗಿ ಒಂದು ದಿನವಾದರೂ 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ನಾನು ತಿರುವನಂತಪುರಕ್ಕೆ ಮರಳಿದ ದಿನ, ಪೊಂಗಾಲೆಯಂದು ಎತ್ತಿಟ್ಟ ತೆರಳಿ ಎಂಬ ಕಡುಬು ಕೆಟ್ಟುಹೋಯಿತು ಸರ್, ಮುಂದಿನ ವರ್ಷ ಕೊಡ್ತೇನೆ ಎಂದಳು. ಮುಂದಿನ ವರ್ಷ ಕೊಟ್ಟಳು. ಆ ದಿನ ನಾವಿಬ್ಬರೂ ಯಾವ ಬಿಲ್ಡನ್ನೂ ಮಾಡಲಿಲ್ಲ.

ಬಾಲ್‌ಪೆನ್ನಿನಿಂದ ಕೊಂಬು ತಿದ್ದಿದ ಒಂದು ಚೀಟಿಯನ್ನು ಆಸ್ಪತ್ರೆಯವರಿಂದ ಕೇಳಿ ಪಡೆದು ತಂದಿದ್ದೆ. ಅಚ್ಚಿನ ಮಸಿ ಈಗ ಮಾಸಿಹೋಗಿದೆ. ಕೈಯಿಂದ ಬರೆದ ನೀಲಿ ಕೊಂಬುಗಳು ಮಾತ್ರ ಹಾಗೆಯೇ ಇವೆ. ಮುಂದಿನ ಭಾನುವಾರ ವಾಚನಾಲಯಕ್ಕೆ ಅದನ್ನು ತರುತ್ತೇನೆ. ನಾನು ಮಾಡುತ್ತಿದ್ದದ್ದು ಏನು ಎಂದು ಕೇಳಿದ ಹಿರಿಯರಿಗೆ ತೋರಿಸಬೇಕು.